ಸಮುದ್ರಕ್ಕೆ ಮೂವರು ಹೊರಟದ್ದು

...ಅಥವಾ ಸಮುದ್ರ ಬಲಗಡೆಗೆ ಇತ್ತೇನೋ. ಎಡಗಡೆಗೆ ಸಮುದ್ರ, ಬಲಗಡೆಗೆ ದ್ರಾಕ್ಷಿ ತೋಟ ಎಂದೇ ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಆದರೆ ಆ ಚಿತ್ರವನ್ನು ನಾನು ನೋಡಿದ್ದು ಕೋಲಾರದಲ್ಲಿ, ಮುನಿಸ್ವಾಮಿಯ ಕ್ಷೌರದಂಗಡಿಯ ಕನ್ನಡಿಯೊಳಗೆ. ಕನ್ನಡಿಯಲ್ಲಿ ಎಡ ಬಲವಾಗುತ್ತದೆ ಎಂದು ಒಂಬತ್ತನೇ ತರಗತಿಗೆ ಪಾಠ ಮಾಡುವ ವಿಜ್ಞಾನದ ಮೇಷ್ಟ್ರು ನಾನೇ. ಸಾಲದ್ದಕ್ಕೆ ಕನ್ನಡಕ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ತಲೆ ಮುನಿಸ್ವಾಮಿಯ ಕೈಯಲ್ಲಿತ್ತು. ಇಂಥ ಸ್ಥಿತಿಯಲ್ಲಿ ಕಂಡದ್ದನ್ನು ನಂಬಿ ಒಬ್ಬ ಮನುಷ್ಯ ಹೆಂಡತಿ ಮಗುವನ್ನು ಕರೆದುಕೊಂಡು ಪ್ರವಾಸ ಹೊರಡಬಹುದೇ?

ಹೊರಟೆ!

ಅದು ಯಾವುದೋ ಪರದೇಶದ ಕ್ಯಾಲೆಂಡರು. ಅದರ ವರ್ಷ ಮುಗಿದು ಎಷ್ಟೋ ಕಾಲವಾಗಿದ್ದರೂ ಚಿತ್ರ ಚೆನ್ನಾಗಿದೆ ಎಂದು ಮುನಿಸ್ವಾಮಿ ಇಟ್ಟುಕೊಂಡಿದ್ದ. ಇಳಿಜಾರಿನಲ್ಲಿ ದ್ರಾಕ್ಷಿ ತೋಟ. ಅದರಾಚೆ ನೀಲಿ ಸಮುದ್ರ. ಹುಲ್ಲಿನ ಮೇಲೆ ಗಂಡ ಹೆಂಡತಿ ಕೂತಿದ್ದಾರೆ. ಕೈಯಲ್ಲಿ ಉದ್ದ ಕಾಲಿನ ಗ್ಲಾಸು, ಗ್ಲಾಸಿನಲ್ಲಿ ಕೆಂಪಗೆ ಏನೋ. ಇಬ್ಬರ ನಡುವೆ ಒಂದು ಬುಟ್ಟಿ, ಬುಟ್ಟಿಯಲ್ಲಿ ಮಲಗಿದ ಮಗು. ಬ್ರೆಡ್ಡು ಇದ್ದರೂ ಇರಬಹುದು.

"ನೋಡು ಮುನಿಸ್ವಾಮಿ, ಮಗು ಇದ್ರೂನೂ ಎಷ್ಟು ಸುಖವಾಗಿದಾರೆ" ಎಂದೆ.

"ತಲೆ ಅಲ್ಲಾಡಿಸ್ಬೇಡಿ ಸಾರ್, ಕಿವಿ ಹೋದೀತು" ಎಂದ ಮುನಿಸ್ವಾಮಿ. ಈ ಕಥೆಯಲ್ಲಿ ನನಗೆ ಸಿಕ್ಕ ಬುದ್ಧಿಮಾತು ಅದೊಂದೇ. ನಾನು ಅದನ್ನು ಕ್ಷೌರಕ್ಕೆ ಮಾತ್ರ ಅನ್ವಯಿಸಿಕೊಂಡೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಮಗಳು ಪುಟ್ಟಿಗೆ ಆಗ ಹತ್ತೋ ಹನ್ನೊಂದೋ ತಿಂಗಳು. ನನ್ನ ಹೆಂಡತಿ ರುಕ್ಮಿಣಿ ಮುಳಬಾಗಿಲಿನ ಹತ್ತಿರದ ಹಳ್ಳಿಯವಳು. ಅವಳು ಹುಟ್ಟಿದಾಗಿನಿಂದ ನೋಡಿದ ದೊಡ್ಡ ನೀರು ಎಂದರೆ ಊರ ಕೆರೆ, ಅದೂ ತುಂಬಿದ ವರ್ಷ. ಅವಳಿಗೆ ಒಂದೇ ಆಸೆ, ಸಮುದ್ರ ನೋಡಬೇಕು. ಮದುವೆಯಾದ ಹೊಸತರಲ್ಲಿ ಕೇಳಿದ್ದಳು: "ಸಮುದ್ರದಲ್ಲಿ ಆಚೆ ದಡ ಕಾಣೋದೇ ಇಲ್ವಂತೆ, ಹೌದಾ?" ಸ್ವತಃ ನೋಡಿರದಿದ್ದರೂ ಮೇಷ್ಟ್ರ ಗತ್ತಿನಲ್ಲಿ ಭೂಮಿಯ ಗೋಲಾಕಾರವನ್ನು ವಿವರಿಸಿದ್ದೆ. ಅವಳು ಪೂರ್ತಿ ಕೇಳಿ, "ಕರ್ಕೊಂಡು ಹೋಗ್ತೀರಾ?" ಎಂದಿದ್ದಳು. ಹೂಂ ಎಂದಿದ್ದೆ. ಆ ಹೂಂ ಬಸಿರು, ಬಾಣಂತನ ಎಲ್ಲ ದಾಟಿ ಮನೆಯಲ್ಲೇ ಕೂತಿತ್ತು. ಪುಟ್ಟಿ ನಡೆಯುವ ಮೊದಲು ಸಮುದ್ರ ತೋರಿಸದಿದ್ದರೆ ಆಮೇಲೆ ಈ ಜನ್ಮದಲ್ಲಿ ಆಗುವುದಿಲ್ಲ ಎಂಬುದು ಅವಳ ಲೆಕ್ಕ. ಅವಳಕ್ಕನ ಮಕ್ಕಳು ನಡೆಯಲು ಕಲಿತ ಮೇಲೆ ಅಕ್ಕ ಅಂಗಳ ದಾಟಿದ್ದನ್ನು ಯಾರೂ ನೋಡಿರಲಿಲ್ಲ.

ಅರ್ಧ ಬೋಳಿಸಿದ ಕುತ್ತಿಗೆಯೊಂದಿಗೆ ಮನೆಗೆ ಬಂದು ಘೋಷಿಸಿದೆ: "ರುಕ್ಮಿಣಿ, ಸಮುದ್ರಕ್ಕೆ ಹೋಗ್ತಾ ಇದೀವಿ. ಬರೀ ಸಮುದ್ರ ಅಲ್ಲ, ದ್ರಾಕ್ಷಿ ತೋಟ ಇರೋ ಸಮುದ್ರ!"

"ದ್ರಾಕ್ಷಿ ಯಾಕೆ? ನಮ್ಮ ಸಂತೇಲೇ ಸಿಗುತ್ತಲ್ಲ."

ಚಿತ್ರವನ್ನು ವರ್ಣಿಸಿದೆ. ಅವಳು ಗ್ಲಾಸಿನ ಹತ್ತಿರವೇ ನಿಂತಳು. "ಕೆಂಪಗಿದ್ದಿದ್ದು ಏನು?"

"ದ್ರಾಕ್ಷಾರಸ."

"ಶರಬತ್ತಾ?"

"ಹೂಂ... ಒಂದು ಥರ."

ಅವಳು ನನ್ನನ್ನೇ ನೋಡಿದಳು. ಈ ನೋಟದ ಬಗ್ಗೆ ನನಗೆ ಅನುಮಾನವಿಲ್ಲ, ಚೆನ್ನಾಗಿ ನೆನಪಿದೆ.

ದ್ರಾಕ್ಷಿಯೂ ಸಮುದ್ರವೂ ಒಟ್ಟಿಗೆ, ಅಗ್ಗದಲ್ಲಿ, ಎಲ್ಲಿ? ಶಾಲೆಯಲ್ಲಿ ಭೂಗೋಳದ ಮೇಷ್ಟ್ರನ್ನು ಕೇಳಿದೆ. "ಪಾಂಡಿಚೇರಿ" ಎಂದರು ಯೋಚಿಸದೆ. "ಫ್ರೆಂಚರು ಇದ್ದ ಊರು. ಫ್ರೆಂಚರು ಇದ್ದ ಮೇಲೆ ವೈನು ಇದ್ದೇ ಇರುತ್ತೆ. ವೈನು ಇದ್ದ ಮೇಲೆ ದ್ರಾಕ್ಷಿ ತೋಟ ಇರಲೇಬೇಕಲ್ಲ!" ತರ್ಕದಲ್ಲಿ ನನಗೆ ಎಲ್ಲೂ ಬಿರುಕು ಕಾಣಲಿಲ್ಲ. ಭೂಗೋಳದ ಮೇಷ್ಟ್ರು ಬಂಗಾರಪೇಟೆ ದಾಟಿದವರಲ್ಲ ಎಂಬುದು ಆಮೇಲೆ ತಿಳಿಯಿತು.

ಯೋಜನೆ ನನ್ನ ಜೀವನದ ಶ್ರೇಷ್ಠ ಕೃತಿ. ಬಸ್ಸಿನಲ್ಲೇ ಪ್ರಯಾಣ, ಛತ್ರದಲ್ಲಿ ವಾಸ, ಮನೆಯಿಂದಲೇ ಬುತ್ತಿ. ನಮ್ಮಿಬ್ಬರ ಸಾಮಾನು ಅರ್ಧ ಚೀಲ. ಮಗುವಿನದು ಮೂರು ಚೀಲ: ಬಿಸಿನೀರಿನ ಫ್ಲಾಸ್ಕು, ಹಾಲಿನ ಬಾಟಲಿ, ರಾಗಿ ಸರಿಯ ಹಿಟ್ಟು, ಅದನ್ನು ಬೇಯಿಸಲು ಸೀಮೆಎಣ್ಣೆ ಸ್ಟೌ, ಗ್ರೈಪ್ ವಾಟರ್, ಬಜೆ ಬೇರು, ಹರಿದ ಹಳೇ ಸೀರೆಯ ತುಂಡುಗಳ ಒಂದು ಬೆಟ್ಟ, ಸೀರೆಯ ಜೋಲಿ ಕಟ್ಟಲು ಹಗ್ಗ. ಹಗ್ಗ ಕಟ್ಟಲು ಸಮುದ್ರತೀರದಲ್ಲಿ ಮರ ಇರುತ್ತದೋ ಇಲ್ಲವೋ ಎಂಬ ಸಂಶಯ ಬಂದು ರುಕ್ಮಿಣಿ ಒಂದು ಗೂಟವನ್ನೂ ಸೇರಿಸಿದಳು. ಯಾರಿಗೂ ಕಾಣದಂತೆ ನಾನು ಎರಡು ಸ್ಟೀಲ್ ಲೋಟ ತೂರಿಸಿದೆ. ಉದ್ದ ಕಾಲಿನ ಗ್ಲಾಸು ಕೋಲಾರದಲ್ಲಿ ಸಿಕ್ಕಿರಲಿಲ್ಲ.

ಇಲ್ಲಿಯವರೆಗೆ ತಪ್ಪಿಲ್ಲ. ತಪ್ಪಾದದ್ದು ಒಂದೇ ವಾಕ್ಯದಿಂದ. "ದಾರೀಲೇ ಅಲ್ವಾ ನಮ್ಮಮ್ಮನ ಮನೆ? ಒಂದು ರಾತ್ರಿ ಇದ್ದು ಹೋಗೋಣ." ಇದನ್ನು ಹೇಳಿದವಳು ರುಕ್ಮಿಣಿ ಎಂದು ನಾನು ಹೇಳುತ್ತೇನೆ. ನಾನೇ ಹೇಳಿದೆ, ಅಲ್ಲಿಯ ಕೋಳಿ ಸಾರಿನ ಆಸೆಗೆ, ಎಂದು ಅವಳು ಹೇಳುತ್ತಾಳೆ.

ಮರುದಿನ ಬೆಳಿಗ್ಗೆ ಅತ್ತೆಯ ಮನೆಯಿಂದ ಹೊರಡಲು ಹೊಸ್ತಿಲ ಹೊರಗೆ ಒಂದು ಕಾಲಿಟ್ಟಿದ್ದೆ. ನನ್ನ ಅತ್ತೆ ಅಡ್ಡ ಬಂದರು.

"ಅಯ್ಯಯ್ಯೋ, ಮುಗ್ಗುರು ಪೋಕೂಡದು! ಮೂರು ಜನ ಹೊರಡಬಾರದು ಅಲ್ಲುಡುಗಾರೂ!" ಅವರಿಗೆ ಗಾಬರಿಯಾದಾಗ ಮೊದಲು ತೆಲುಗು ಬರುತ್ತದೆ, ಹಿಂದೆಯೇ ಕನ್ನಡ ಓಡಿ ಬರುತ್ತದೆ. ಅಳಿಯನಾದ ನಾನು ಮಾತ್ರ ಯಾವಾಗಲೂ ಅಲ್ಲುಡುಗಾರು.

"ಮೂರು ಎಲ್ಲಿ ಅತ್ತೆ? ನಾವು ಇಬ್ರು. ಮಗೂಗೆ ಬಸ್ಸಲ್ಲಿ ಟಿಕೆಟ್ಟೇ ಇಲ್ಲ."

"ಕಂಡಕ್ಟರ್ ಲೆಕ್ಕ ಬೇರೆ, ಮೇಲಿರೋನ ಲೆಕ್ಕ ಬೇರೆ" ಎಂದು ಅಂಗಳದಿಂದ ಒಂದು ಕಲ್ಲು ಆರಿಸಿ ತಂದರು. ನಿಂಬೆಹಣ್ಣಿನಷ್ಟು ದಪ್ಪ, ನುಣ್ಣಗಿತ್ತು. "ಇದನ್ನ ಚೀಲದಲ್ಲಿ ಹಾಕ್ಕೊಳ್ಳಿ. ನಾಲ್ಕಾಯ್ತು. ಇದಕ್ಕೆ ಊಟ ಬೇಡ, ಟಿಕೆಟ್ ಬೇಡ, ಅಳೋದೂ ಇಲ್ಲ."

ಈಗ ಯೋಚಿಸಿದರೆ ನಮ್ಮ ಮನೆತನದಲ್ಲಿ ಅಷ್ಟು ಸುಲಭವಾದ ಪ್ರಯಾಣಿಕ ಇನ್ನೊಬ್ಬನಿರಲಿಲ್ಲ. ಆದರೆ ಅಂದು ನನ್ನೊಳಗಿನ ವಿಜ್ಞಾನದ ಮೇಷ್ಟ್ರು ಎದ್ದು ನಿಂತ. ಊರಿನ ಅರ್ಧ ಜನ ಬೀಳ್ಕೊಡಲು ಬಂದಿದ್ದರು. ಸಭೆ ಸಿಕ್ಕಿದರೆ ನಾನು ಬಿಡುವವನಲ್ಲ. ಮೂಢನಂಬಿಕೆಯ ಕುರಿತು ಕಿರು ಭಾಷಣ ಮಾಡಿ, ಕೊನೆಯ ವಾಕ್ಯಕ್ಕೆ ಸರಿಯಾಗಿ ಕಲ್ಲನ್ನು ಹುಲ್ಲಿನ ಬಣವೆಯ ಕಡೆ ಎಸೆದೆ. ಎಸೆತ ಚೆನ್ನಾಗಿತ್ತು.

"ಸರಿ, ಕಲ್ಲು ಬೇಡ ಅಂದ್ರೆ ಮನುಷ್ಯರಾದ್ರೂ ಬೇಕು" ಎಂದರು ಅತ್ತೆ. ಮಾತು ಮುಗಿಯುವ ಮೊದಲೇ ರುಕ್ಮಿಣಿಯ ಸೋದರತ್ತೆ ನಂಜಮ್ಮನವರು ಗಂಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ಎಪ್ಪತ್ತು ವರ್ಷದ ಮುದುಕಿ ಅಷ್ಟು ಬೇಗ ಗಂಟು ಕಟ್ಟಿದ್ದು ಹೇಗೆ? ಆ ಗಂಟು ಯಾವಾಗಲೂ ಕಟ್ಟಿಯೇ ಇರುತ್ತದಂತೆ!

ನಾನು ನಕ್ಕೆ. ನಗಬಾರದಿತ್ತು. "ನೋಡಿ ಅತ್ತೆ, ಮಗೂನ ಲೆಕ್ಕ ಹಾಕಿದ್ರೆ ನಂಜಮ್ಮನವರು ನಾಲ್ಕನೆಯವರು. ಹಾಕದಿದ್ರೆ? ನಾನು, ರುಕ್ಮಿಣಿ, ನಂಜಮ್ಮನವರು. ಮತ್ತೆ ಮೂರೇ! ಈಗೇನು ಮಾಡ್ತೀರಾ?"

ಒಂದೇ ಹೊಡೆತಕ್ಕೆ ಶತಮಾನಗಳ ನಂಬಿಕೆಯನ್ನು ಕೆಡವಿದೆ ಎಂದು ಎದೆಯುಬ್ಬಿಸಿ ನಿಂತೆ. ಅತ್ತೆ ನಿಧಾನವಾಗಿ ತಲೆದೂಗಿದರು.

"ಅಲ್ಲುಡುಗಾರು ಓದಿದೋರು. ನಮಗೆ ಇದು ಹೊಳೀಲೇ ಇಲ್ಲ ನೋಡು. ಲೇ ವೆಂಕಟೇಶ, ನೀನೂ ಹೊರಡೋ!"

ವೆಂಕಟೇಶ ನನ್ನ ಭಾವಮೈದ. ಅವನು ಸೇರಿದರೆ ಮಗು ಸೇರಿ ಐದು, ಮಗು ಬಿಟ್ಟು ನಾಲ್ಕು. ಯಾವ ಕಡೆಯಿಂದ ಎಣಿಸಿದರೂ ಮೂರು ಬರುವುದಿಲ್ಲ. ನನ್ನ ಗಣಿತದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಅದೇ ದುರಂತ.

ವೆಂಕಟೇಶ ಹೊರಟ ಮೇಲೆ ಅವನ ಹೆಂಡತಿ ಉಳಿಯುತ್ತಾಳೆಯೇ? ಅವಳು ಬಂದ ಮೇಲೆ ಮಕ್ಕಳನ್ನು ಬಿಟ್ಟು ಬರುತ್ತಾಳೆಯೇ? ಇಷ್ಟು ಮಂದಿಗೆ ಅಡುಗೆ ಮಾಡಲು ಅತ್ತೆ ಬೇಡವೇ? ಬಿಸಿಲು ಏರುವ ಹೊತ್ತಿಗೆ ನಾವು ಹದಿಮೂರು ಜನ. ಬಸ್ಸಿನ ಮಾತು ಬಿದ್ದುಹೋಗಿ, ಟೊಮ್ಯಾಟೊ ಸಾಗಿಸುವ ಒಂದು ವ್ಯಾನು ಬಂದು ನಿಂತಿತು.

ಚೀಲ ತುಂಬುವ ನೆಪದಲ್ಲಿ ರುಕ್ಮಿಣಿ ನನ್ನ ಪಕ್ಕಕ್ಕೆ ಬಂದು ಹಲ್ಲು ಕಚ್ಚಿ ಹೇಳಿದಳು: "ಒಂದು ನಿಂಬೆಹಣ್ಣಿನಷ್ಟು ಕಲ್ಲು. ಇಟ್ಕೊಂಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ತತ್ವದ ಪ್ರಶ್ನೆ ಕಣೇ."

"ಹಾಗಾದ್ರೆ ತತ್ವಾನೇ ತೊಡೆ ಮೇಲೆ ಕೂರಿಸ್ಕೊಳ್ಳಿ" ಎಂದು ವೆಂಕಟೇಶನ ಎರಡನೇ ಮಗನನ್ನು ನನ್ನ ತೊಡೆಯ ಮೇಲೆ ಕೂರಿಸಿದಳು.

ವ್ಯಾನು ಹೊರಟ ಮೇಲೆ ನಂಜಮ್ಮನವರು ವಿಚಾರಣೆ ಶುರು ಮಾಡಿದರು. "ಆ ಊರಲ್ಲಿ ಏನಪ್ಪಾ ಇರೋದು?"

"ಸಮುದ್ರ ಇದೆ. ದ್ರಾಕ್ಷಿ ತೋಟ ಇದೆ."

"ದ್ರಾಕ್ಷಿ ತೋಟ ನೋಡೋಕೆ ಅಷ್ಟು ದೂರ ಯಾಕೆ? ನಂಗಲಿ ಹತ್ರ ನಮ್ಮ ಬೀಗರದ್ದೇ ಇದೆ. ಡ್ರೈವರಪ್ಪಾ, ಎಡಕ್ಕೆ ತಿರುಗಿಸು!"

ಬೀಗರ ತೋಟ ಇಳಿಜಾರಿನಲ್ಲಿರಲಿಲ್ಲ. ಚಪ್ಪರ ನನ್ನ ಭುಜದೆತ್ತರಕ್ಕಿತ್ತು. ಕತ್ತು ಬಗ್ಗಿಸಿಕೊಂಡೇ ಅರ್ಧ ಗಂಟೆ ಓಡಾಡಿ, ಸಾಲುಸಾಲಾಗಿ ಇತರರ ಬೆನ್ನುಗಳನ್ನು ನೋಡಿದೆ. ಎಲೆ ಮುಟ್ಟಿದ ಕೈ, ಬಳ್ಳಿಗೆ ಹೊಡೆದಿದ್ದ ಮೈಲುತುತ್ತದಿಂದ ನೀಲಿಯಾಯಿತು. ಆ ದಿನ ನಾನು ಕಂಡ ನೀಲಿ ಅದೊಂದೇ. ಬೀಗರು ಪ್ರೀತಿಯಿಂದ ಒಂದು ದೊಡ್ಡ ಬುಟ್ಟಿ ಮಾಗಿದ ದ್ರಾಕ್ಷಿಯನ್ನು ತೊಳೆದು ವ್ಯಾನಿಗೆ ಹಾಕಿದರು.

ಮುಂದೆ ನಡೆದದ್ದನ್ನು ಯಾರೂ ನಂಬುವುದಿಲ್ಲ. ಸೆಕೆಗೆ ಪುಟ್ಟಿ ಚೀರುತ್ತಿದ್ದಳು. ಗ್ರೈಪ್ ವಾಟರ್ ಆಯಿತು, ಬಜೆ ಆಯಿತು, ಜೋಲಿ ಆಯಿತು. ಕೊನೆಗೆ ಯಾರೋ ಅವಳನ್ನು ಎತ್ತಿ ದ್ರಾಕ್ಷಿ ಬುಟ್ಟಿಯಲ್ಲಿ ಕೂರಿಸಿದರು. ಅಳು ನಿಂತಿತು! ಬುಟ್ಟಿಯ ಅಂಚು ಹಿಡಿದು ಎದ್ದು ನಿಂತಳು, ನಿಂತು ತುಳಿಯಲು ಶುರು ಮಾಡಿದಳು. ವ್ಯಾನು ಎಗರಿದಷ್ಟೂ ಅವಳೂ ಎಗರಿದಳು. ಬುಟ್ಟಿಯಡಿಯಿಂದ ಕೆಂಪು ರಸ ಹರಿದು ನನ್ನ ಬಿಳಿ ಪ್ಯಾಂಟಿಗೆ ಬಂತು. ಕೆಂಪು ರಸ, ಬುಟ್ಟಿಯಲ್ಲಿ ಮಗು, ಪಕ್ಕದಲ್ಲಿ ಹೆಂಡತಿ. ಕ್ಯಾಲೆಂಡರಿನ ಚಿತ್ರ ಮುಕ್ಕಾಲು ಪಾಲು ನಿಜವಾಗಿತ್ತು!

ರುಕ್ಮಿಣಿ ಚೀಲದ ತಳದಿಂದ ಒಂದು ಸ್ಟೀಲ್ ಲೋಟ ತೆಗೆದಳು. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದಾಯಿತು. ರಸವನ್ನು ಸೀರೆಯ ತುಂಡಿನಲ್ಲಿ ಸೋಸಿ ನನ್ನ ಕೈಗೆ ಕೊಟ್ಟಳು. "ತಗೊಳ್ಳಿ. ನಿಮ್ಮ ಶರಬತ್ತು, ಒಂದು ಥರ."

ಕುಡಿದೆ. ಹುಳಿಯಾಗಿ, ಸ್ವಲ್ಪ ಉಪ್ಪುಪ್ಪಾಗಿ, ಪರವಾಗಿಲ್ಲ ಎನ್ನಿಸಿತು. ಪುಟ್ಟಿ ಆ ಬುಟ್ಟಿಯೊಳಗೆ ತುಳಿಯುವುದರ ಜೊತೆಗೆ ಇನ್ನೇನು ಮಾಡಿದ್ದಳು ಎಂಬುದು ಅವಳನ್ನು ಎತ್ತಿದ ಮೇಲಷ್ಟೇ ತಿಳಿಯಿತು.

ಪಲಮನೇರು ದಾಟುವಾಗ ಅತ್ತೆ ಕಿಟಕಿಯಿಂದ ಹೊರಗೆ ನೋಡಿ, "ಈ ದಾರಿ ತಿರುಪತಿಗೂ ಹೋಗುತ್ತಲ್ವಾ" ಎಂದರು. ಪುಟ್ಟಿಯ ಮೊದಲ ಕೂದಲು ತಿಮ್ಮಪ್ಪನಿಗೆ ಹರಕೆ. ದೇವರ ಮುಡಿ ತಲೆಯ ಮೇಲಿರುವಾಗ ಮಗುವನ್ನು ಉಪ್ಪುನೀರಿಗೆ ಇಳಿಸುವುದುಂಟೇ? ಮತಕ್ಕೆ ಹಾಕೋಣ ಎಂದೆ. ಪ್ರಜಾಪ್ರಭುತ್ವದಲ್ಲಿ ನನಗೆ ಆಗ ನಂಬಿಕೆಯಿತ್ತು. ಹತ್ತು ಕೈ ಆ ಕಡೆ, ಎರಡು ಈ ಕಡೆ, ಮಗು ನಿದ್ದೆಯಲ್ಲಿತ್ತು. ಡ್ರೈವರನೂ ಸ್ಟಿಯರಿಂಗ್ ಬಿಟ್ಟು ಕೈ ಎತ್ತಿದ.

ರುಕ್ಮಿಣಿ ಎತ್ತಿದ ಕೈಯನ್ನು ಇಳಿಸಿ ಮಗುವಿನ ಕಾಲಿಗೆ ಅಂಟಿದ್ದ ಸಿಪ್ಪೆಗಳನ್ನು ಒಂದೊಂದಾಗಿ ತೆಗೆಯತೊಡಗಿದಳು. ನಾನು ನಗಿಸಲು ನೋಡಿದೆ. ನಗಲಿಲ್ಲ.

ಬೆಟ್ಟದ ಮೇಲೆ ಕತ್ತಿ ಕಂಡ ತಕ್ಷಣ ಪುಟ್ಟಿ ಆಕಾಶ ಹರಿಯುವಂತೆ ಕಿರುಚಿದಳು. "ಮೊದಲು ಅಪ್ಪ ಮಾಡಿಸ್ಕೊಂಡ್ರೆ ಮಗು ಹೆದರಲ್ಲ" ಎಂದರು ನಂಜಮ್ಮನವರು. ನಾನು ಮಾಡಿಸಿಕೊಂಡೆ. ಕನ್ನಡಕ ತೊಡೆಯ ಮೇಲೆ, ತಲೆ ಇನ್ನೊಬ್ಬರ ಕೈಯಲ್ಲಿ, ಮತ್ತೆ ಅದೇ ಸ್ಥಿತಿ. ಕೂದಲೆಲ್ಲ ಹೋದ ಮೇಲೆ ಮಗು ನನ್ನನ್ನು ನೋಡಿ ಇನ್ನೂ ಜೋರಾಗಿ ಕಿರುಚಿತು! ವೆಂಕಟೇಶನೂ ಅವನ ಮಕ್ಕಳೂ ಡ್ರೈವರನೂ ಕೂತರು. ದರ್ಶನದ ಸಾಲಿನಲ್ಲಿ ನಮ್ಮ ವ್ಯಾನಿನವರನ್ನು ಬೇರೆಯವರಿಂದ ಬೇರ್ಪಡಿಸುವುದೇ ಕಷ್ಟವಾಯಿತು.

ಎಲ್ಲ ಮುಗಿದಾಗ ರಜೆಯಲ್ಲಿ ಎರಡು ದಿನ ಉಳಿದಿತ್ತು. ರುಕ್ಮಿಣಿ ಮೂರು ದಿನಗಳಲ್ಲಿ ಮೊದಲ ಬಾರಿ ತಾನಾಗಿ ಮಾತಾಡಿದಳು. "ಸುಗುಣಕ್ಕ ಮದ್ರಾಸಿನಲ್ಲಿದಾಳೆ. ದೊಡ್ಡಪ್ಪನ ಮಗಳು. ವಿಳಾಸ ನನ್ನ ಹತ್ರ ಇದೆ. ಬಸ್ಸಿಗೆ ನಾಲ್ಕು ಗಂಟೆ ದಾರಿ. ಸಮುದ್ರ ಅಲ್ಲೂ ಇದೆ. ದ್ರಾಕ್ಷಿ ಬೇಡ. ಹೋಗೋಣ?"

ಕಣ್ಣಲ್ಲಿ ನೀರಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ಅತ್ತೆಗೆ ಹೇಳಿದೆವು. ಅವರು ಬೇಡ ಎನ್ನಲಿಲ್ಲ. ನನ್ನ ಬೋಳು ತಲೆಯನ್ನು ಕರುಣೆಯಿಂದ ನೋಡಿ, "ಮತ್ತೆ ಮೂರೇ ಆಗ್ತೀರಲ್ಲಾ" ಎಂದರು, ಅಷ್ಟೇ.

ಬಸ್ ಸ್ಟ್ಯಾಂಡಿನಲ್ಲಿ ಮದ್ರಾಸಿನ ಬಸ್ಸು ನಿಂತಿತ್ತು. ರುಕ್ಮಿಣಿ ಮಗುವಿನೊಂದಿಗೆ ಹತ್ತಿ ಕಿಟಕಿಯ ಪಕ್ಕ ಕೂತಳು. ಮೂರೂವರೆ ಚೀಲ ಒಳಗಿಟ್ಟೆ. ದುಡ್ಡಿನ ಪರ್ಸು ಅವಳ ಚೀಲದಲ್ಲಿತ್ತು, ವಿಳಾಸವಿದ್ದ ಇನ್‌ಲ್ಯಾಂಡ್ ಕಾಗದವೂ ಅಲ್ಲೇ. ಕೂರಬೇಕು, ಆಗ ಕಲ್ಲಿನ ಮಾತು ಬಂತು. ಯಾರು ಎತ್ತಿದ್ದು? ಅವಳು ಎಂದು ನನ್ನ ನೆನಪು. "ಯಾಕೋ ಭಯ ಆಗುತ್ತೆ, ಒಂದು ಕಲ್ಲು ಇದ್ದಿದ್ರೆ" ಎಂದಳು. ಅವಳ ಪ್ರಕಾರ ಇಲ್ಲ, ನಾನೇ ಪೆಚ್ಚು ಮುಖ ಮಾಡಿಕೊಂಡು, "ಯಾವುದಕ್ಕೂ ಒಂದು ಕಲ್ಲು ತಂದುಬಿಡ್ತೀನಿ ಇರು" ಎಂದು ಇಳಿದೆನಂತೆ. ಯಾರೇ ಅಂದಿರಲಿ, ಇಳಿದವನು ನಾನು.

ಬೇಕಾದಾಗ ಕಲ್ಲು ಸಿಗುತ್ತದೆಯೇ? ನೆಲಕ್ಕೆಲ್ಲ ಡಾಂಬರು. ಒಂದು ಇಟ್ಟಿಗೆಯ ಚೂರು ಸಿಕ್ಕಿತು. ಇಟ್ಟಿಗೆ ಸುಟ್ಟ ಜೇಡಿಮಣ್ಣು, ಕಲ್ಲಲ್ಲ. ಮೇಷ್ಟ್ರಾಗಿ ಅದನ್ನು ಒಪ್ಪಲಾರೆ. ಒಂದು ಜಲ್ಲಿ ಸಿಕ್ಕಿತು, ಟಾರು ಹತ್ತಿತ್ತು. ಕಾಂಪೌಂಡಿನ ಮೂಲೆಯಲ್ಲಿ, ಕೊನೆಗೆ, ನಿಂಬೆಹಣ್ಣಿನಷ್ಟು ದಪ್ಪದ, ನುಣುಪಾದ, ಅಪ್ಪಟ ಕಲ್ಲು! ಉಜ್ಜಿ ಒರೆಸಿ ಜೇಬಿಗೆ ಹಾಕಿಕೊಂಡು ತಿರುಗಿದೆ. ಬಸ್ಸು ಗೇಟು ದಾಟುತ್ತಿತ್ತು.

ಓಡಿದೆ. ಕನ್ನಡದಲ್ಲಿ ಕೂಗಿದೆ. ಆಮೇಲೆ ಬಾರದ ತೆಲುಗಿನಲ್ಲಿ ಕೂಗಿದೆ. ನನ್ನ ಅಕ್ಕಪಕ್ಕದಲ್ಲಿ ಇನ್ನೂ ನಾಲ್ಕೈದು ಬೋಳು ತಲೆಗಳು ಬೇರೆ ಬೇರೆ ಬಸ್ಸುಗಳ ಹಿಂದೆ ಓಡುತ್ತಿದ್ದವು. ರುಕ್ಮಿಣಿ ಕಿಟಕಿಯಿಂದ ತಲೆ ಹೊರಹಾಕಿ ನಮ್ಮ ಕಡೆ ನೋಡಿದಳು. ಖಂಡಿತ ನೋಡಿದಳು. ಬೋಳು ತಲೆಯ ಪುಟ್ಟಿ ಕೈ ಬೀಸಿದಳು. ಬಸ್ಸು ಹೋಯಿತು.

ನಾವೆಲ್ಲ ಇಳಿದುಕೊಂಡಿದ್ದ ಛತ್ರಕ್ಕೆ ಮರಳಿದೆ. "ಹೆಂಡ್ತಿ ಮಗು ಎಲ್ಲಪ್ಪಾ?" ಎಂದರು ನಂಜಮ್ಮನವರು.

"ಮದ್ರಾಸಿಗೆ ಹೋದ್ರು."

"ನೀನು?"

"ಕಲ್ಲು ತರೋಕೆ ಹೋಗಿದ್ದೆ" ಎಂದು ಜೇಬಿನಿಂದ ತೆಗೆದು ತೋರಿಸಿದೆ.

ಅತ್ತೆಯ ಮುಖ ಅರಳಿತು. "ಅಬ್ಬಾ, ಅಲ್ಲುಡುಗಾರಿಗೆ ಕೊನೆಗೂ ಬುದ್ಧಿ ಬಂತು!"

ಮುಂದಿನ ಬಸ್ಸಿಗೆ ಹೋಗುತ್ತೇನೆ ಎಂದರೆ ಯಾವ ಬೀದಿಗೆ ಹೋಗುವುದು? ಸುಗುಣಳ ವಿಳಾಸ ಯಾರಿಗೂ ಬಾಯಿಪಾಠವಿರಲಿಲ್ಲ. ವೆಂಕಟೇಶ, "ಅಕ್ಕಂಗೆ ತೆಲುಗು ಬರುತ್ತೆ ಭಾವ, ತಲುಪ್ತಾಳೆ. ನೀವೇ ಕಳ್ದು ಹೋಗ್ತೀರ" ಎಂದು ನನ್ನನ್ನು ವ್ಯಾನಿಗೆ ಹತ್ತಿಸಿದ. ಟೊಮ್ಯಾಟೊ ವಾಸನೆಯ ಆ ವ್ಯಾನಿನಲ್ಲಿ ಕೂತು ದಾರಿಯುದ್ದಕ್ಕೂ ಜಗತ್ತಿನಲ್ಲಿ ಆಗಬಹುದಾದ ಎಲ್ಲ ಅನಾಹುತಗಳನ್ನೂ ಕ್ರಮವಾಗಿ ಕಲ್ಪಿಸಿಕೊಂಡೆ. ಆ ದಿನದ ಬಗ್ಗೆ ತಮಾಷೆ ಮಾಡಲು ನನಗೆ ಇನ್ನೂ ಬಂದಿಲ್ಲ. ಮರುದಿನ ಅತ್ತೆಯ ಮನೆಗೆ ಟೆಲಿಗ್ರಾಂ ಬಂತು: ಕ್ಷೇಮವಾಗಿ ತಲುಪಿದ್ದಾರೆ. ಅದನ್ನು ಕೈಯಲ್ಲಿ ಹಿಡಿದು ಅದೇ ಹುಲ್ಲಿನ ಬಣವೆಯ ಹಿಂದೆ ಹೋಗಿ ಸ್ವಲ್ಪ ಹೊತ್ತು ನಿಂತುಕೊಂಡೆ. ನನಗೆ ನೆನಪಿರುವಂತೆ ಅಳಲಿಲ್ಲ.

ನಾಲ್ಕನೆಯ ದಿನ ಅವರಿಬ್ಬರೂ ಕೋಲಾರದಲ್ಲಿ ಬಸ್ಸಿಳಿದರು. ಪುಟ್ಟಿಯ ಬೋಳು ತಲೆ ಬಿಸಿಲಿಗೆ ಕಂದಿತ್ತು. ಜೋಲಿಯ ಸೀರೆ ಕೊಡವಿದರೆ ಮರಳು ಬಿತ್ತು.

"ಹೇಗಿತ್ತು?" ಎಂದೆ. "ಸಮುದ್ರ ಎಡಗಡೆಗಾ, ಬಲಗಡೆಗಾ?"

"ಎದುರಿಗೇ ಇತ್ತು" ಎಂದಳು. ಆಮೇಲೆ, "ಆಚೆ ದಡ ಕಾಣಲಿಲ್ಲ. ನೀವು ಹೇಳಿದ್ದು ನಿಜ."

"ದಾರೀಲಿ ತೊಂದರೆ ಏನೂ ಆಗಲಿಲ್ವಾ?"

"ಯಾಕಾಗುತ್ತೆ? ಇಬ್ರೇ ಅಲ್ವಾ ಹೋಗಿದ್ದು."

ನಾನು ಇವತ್ತಿನವರೆಗೂ ಸಮುದ್ರ ನೋಡಿಲ್ಲ. ಪುಟ್ಟಿ ಮರುತಿಂಗಳೇ ನಡೆದಳು, ರುಕ್ಮಿಣಿಯ ಲೆಕ್ಕ ಸರಿಯಾಗಿತ್ತು. ಮುನಿಸ್ವಾಮಿ ಗೋಡೆಗೆ ಸುಣ್ಣ ಹೊಡೆಸಿ ಆ ಕ್ಯಾಲೆಂಡರನ್ನು ತೆಗೆದುಹಾಕಿದ್ದ; ಬುಟ್ಟಿಯಲ್ಲಿ ಇದ್ದದ್ದು ಮಗುವೋ ಬ್ರೆಡ್ಡೋ ಎಂದು ಕೇಳಿದರೆ, "ನಾಯಿಮರಿ ಅಲ್ವಾ ಸಾರ್?" ಎಂದ. ಕಲ್ಲು ಈಗಲೂ ನನ್ನ ಮೇಜಿನ ಮೇಲಿದೆ, ಉತ್ತರಪತ್ರಿಕೆಗಳು ಹಾರದಂತೆ.

ಒಂದು ಪ್ರಶ್ನೆ ಮಾತ್ರ ಉಳಿದಿದೆ. ಬಸ್ಸು ಹೊರಟಾಗ ಅದನ್ನು ನಿಲ್ಲಿಸಲು ರುಕ್ಮಿಣಿ ಕಂಡಕ್ಟರನಿಗೆ "ಆಪಂಡಿ" ಎಂದು ಕೂಗಿದಳೇ? ಕೂಗಿದೆ, ಅವನಿಗೆ ಕೇಳಿಸಲಿಲ್ಲ ಎಂದು ಒಮ್ಮೆ ಹೇಳಿದಳು. ಅಷ್ಟು ಬೋಳು ತಲೆಗಳಲ್ಲಿ ನಿಮ್ಮದು ಯಾವುದೆಂದು ಗೊತ್ತಾಗಲಿಲ್ಲ ಎಂದು ಇನ್ನೊಮ್ಮೆ. ಎರಡೂ ನಿಜವಿರಬಹುದು. ಎರಡೂ ಅಲ್ಲದಿರಬಹುದು. ನನಗೆ ಗೊತ್ತಿಲ್ಲ.